ಅಕ್ಷರಕ್ಕೆ ಬಾಡಿಗೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ‘ವರ್ಗಣಿ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾದ್ರಪದ ಸಮೀಪಿಸಿತೆಂದರೆ ಪೇಟೆ ಪೇಟೆಯ ಗಣೇಶ ಮಂಡಳದ ಹುಡುಗರು ಪಾವತಿ ಪುಸ್ತಕ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಮರಾಠಿ ಮಾಸಿಕಗಳವರು ತಮ್ಮ ವಾರ್ಷಿಕ ಶುಲ್ಕವನ್ನು ಕರೆಯುವುದೂ ಇದೇ ಹೆಸರಿನಿಂದ. ಧಾರವಾಡ, ವಿಜಾಪುರಗಳ ಕಡೆಯಿಂದ ಬಂದ ನಮಗೆ ಊರಲ್ಲಿಯೂ ಈ ಶಬ್ದ ರೂಢಿಯೇ. ಮೈಸೂರು ಸೀಮೆಯವರು ಅದನ್ನು ‘ವಂತಿಗೆ’ ಎಂದಾರು. ಪತ್ರಿಕೆಯ ಮಟ್ಟಿಗೆ ಮಾತ್ರ ಎಲ್ಲ ಕನ್ನಡಿಗರೂ ‘ಚಂದಾ’ ಎಂದೇ ಹೇಳುತ್ತ ಬಂದಿದ್ದಾರೆ. ಈ ಚಂದಾ ಎಂಬುದರ ಗುಣ ಒಂದಿದೆ. ಚಂದಾ ನಿಲ್ಲಿಸಿದರೆ ಮುಂದಿನ ಸಂಚಿಕೆ ಬರಲಿಕ್ಕಿಲ್ಲ. ಆದರೆ ಹಿಂದಿನ ಸಂಚಿಕೆಗಳನ್ನು ಮನೆಗೆ ಬಂದು ಕಟ್ಟಿಕೊಂಡು ಹೋಗುವ ಸಂಪಾದಕರನ್ನು ಈವರೆಗೆ ಯಾರೂ ಕಂಡಿಲ್ಲ. ಬಂದದ್ದು ನಮ್ಮದು. ಓದಬಹುದು, ನೆರೆಯವರಿಗೆ ಕೊಡಬಹುದು, ರದ್ದಿಗೂ ಹಾಕಬಹುದು.

ಈಗ ಹತ್ತು ಹದಿನೈದು ವರ್ಷಗಳಿಂದ ಇದೇ ಚಂದಾ ಎಂಬ ಹೆಸರಿನಲ್ಲಿ ಬೇರೊಂದು ವ್ಯವಸ್ಥೆ ನಮ್ಮ ಮನೆಗಳಿಗೂ ಕಚೇರಿಗಳಿಗೂ ನಡೆದು ಬಂದಿದೆ. ಮೊದಲು ಒಮ್ಮೆ ಹಣ ಕೊಟ್ಟು ಕೊಳ್ಳುತ್ತಿದ್ದ ವಸ್ತುವಿಗೆ ಈಗ ತಿಂಗಳು ತಿಂಗಳೂ ಕೊಡುತ್ತಿರಬೇಕು. ಕೊಡುವುದನ್ನು ನಿಲ್ಲಿಸಿದ ದಿನ ವಸ್ತುವೂ ನಿಲ್ಲುತ್ತದೆ. ಇದಕ್ಕೆ ಕನ್ನಡದಲ್ಲಿ ಬೇರೆ ಹೆಸರು ಮೊದಲಿನಿಂದಲೂ ಇದೆ: ಬಾಡಿಗೆ. ಬಾಡಿಗೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪರಊರಿಗೆ ಬಂದು ಬಾಡಿಗೆ ಮನೆಯಲ್ಲಿಯೇ ಸಂಸಾರ ಹೂಡಿದವರು ನಾವು. ಆದರೆ ಬಾಡಿಗೆಯನ್ನು ಬಾಡಿಗೆ ಎಂದೇ ಕರೆಯಬೇಕಲ್ಲವೆ? ಈ ಬದಲಾವಣೆ ಹೇಗೆ ಬಂತೆಂಬುದನ್ನು ನೋಡುವುದಕ್ಕೆ ಮೋಟಾರು, ಸಿನಿಮಾ ಮುಂತಾದ ಎಷ್ಟೋ ಉದಾಹರಣೆಗಳಿವೆ. ನಾನು ಆರಿಸಿಕೊಂಡಿರುವುದು ಈ ಪುಟದ ಮೇಲೆಯೇ ವಾಚಕರ ಕಣ್ಣೆದುರಿಗಿರುವ ವಸ್ತುವನ್ನು, ಅಂದರೆ ಅಚ್ಚಾದ ಕನ್ನಡ ಅಕ್ಷರವನ್ನು. ಅದರ ಕಥೆಯ ಮುಖ್ಯ ಭಾಗವೊಂದು ನಮ್ಮ ಪುಣೆಯಲ್ಲಿಯೇ ನಡೆದಿದೆ.

ಕನ್ನಡ ಅಚ್ಚಿನ ಆರಂಭದ ಹೆಜ್ಜೆಗಳು ಬಿದ್ದದ್ದು ಕನ್ನಡ ನಾಡಿನಿಂದ ಬಲು ದೂರದಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಮರುವರ್ಷ ಪತ್ರಿಕೆ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋದದ್ದು ಅಲ್ಲಿ ಅಚ್ಚುಮೊಳೆಗಳಿದ್ದವೆಂಬ ಕಾರಣಕ್ಕೆ. ಮೊಳೆ ಇದ್ದಲ್ಲಿಗೆ ಪತ್ರಿಕೆ ಹೋಗಬೇಕಾಗಿದ್ದ ಕಾಲವದು. ಮುಂದೆ ಬಾಸೆಲ್ ಮಿಶನ್ನಿನವರೂ ಮೊಳೆಗಳನ್ನು ತರಿಸಿಕೊಂಡರು; ಕಿಟ್ಟೆಲ್ ನಿಘಂಟು 1894ರಲ್ಲಿ ಅವರ ಮಂಗಳೂರಿನ ಮುದ್ರಣಾಲಯದಿಂದಲೇ ಹೊರಬಂತು.

ಸೀಸದ ಮೊಳೆಯ ವ್ಯವಹಾರ ಸರಳವಾಗಿತ್ತು. ಸೀಸ, ತವರ, ಆಂಟಿಮನಿ ಕೂಡಿಸಿ ಎರಕ ಹೊಯ್ದ ಮೊಳೆಗಳನ್ನು ಫೌಂಡ್ರಿಯವರು ತೂಕದ ಮೇಲೆ ಮಾರುತ್ತಿದ್ದರು. ಇಂಗ್ಲಿಷಿಗೆ ನೂರು ಚಿಲ್ಲರೆ ಮೊಳೆ ಸಾಕಾದರೆ, ಗುಣಿತ, ಒತ್ತು, ಅರ್ಕಾವತ್ತುಗಳೆಲ್ಲ ಸೇರಿ ಕನ್ನಡಕ್ಕೆ ಹಲವು ನೂರು ಬಗೆ ಬೇಕು. ಆದುದರಿಂದ ಕನ್ನಡ ಮುದ್ರಣಾಲಯ ತೆರೆಯುವವನ ಮೊದಲ ವೆಚ್ಚ ಭಾರಿಯಾಗಿಯೇ ಇತ್ತು. ಆದರೆ ಒಮ್ಮೆ ಕೊಂಡ ಮೇಲೆ ಮೊಳೆ ಅವನದು. ಜೋಡಿಸಿ, ಗ್ಯಾಲಿ ತೆಗೆದು, ಫಾರಂ ಕಟ್ಟಿ, ಅಚ್ಚು ಹಾಕಿ, ಮತ್ತೆ ಬಿಚ್ಚಿ ಕೇಸಿಗೆ ಹಾಕಿದರೆ ನಾಳೆ ಅದೇ ಮೊಳೆಯಿಂದ ಮದುವೆಯ ಲಗ್ನಪತ್ರಿಕೆ, ನಾಡದು ಶಾಲೆಯ ಪ್ರಶ್ನಪತ್ರಿಕೆ. ಎಷ್ಟು ಪುಸ್ತಕ ಅಚ್ಚು ಹಾಕಿದಿರಿ ಎಂದು ಫೌಂಡ್ರಿಯವನು ಕೇಳುತ್ತಿರಲಿಲ್ಲ. ಮೊಳೆ ಸವೆದು ಅಕ್ಷರ ಮುರುಕಾದಾಗಲೂ ಲೋಹಕ್ಕೆ ಬೆಲೆಯಿತ್ತು. ಹಳೆಯದನ್ನು ತೂಕಕ್ಕೆ ಕೊಟ್ಟು ಹೊಸದನ್ನು ತರುತ್ತಿದ್ದರು. ಮುದ್ರಣಾಲಯ ಮಗನಿಗೆ ಬಂದರೆ ಮೊಳೆಯೂ ಬಂತು, ಮಾರಿದರೆ ಮೊಳೆಯೂ ಹೋಯಿತು.

ಅದೇ ಕಾಲದಲ್ಲಿ ನಿಜವಾದ ಚಂದಾ ಎಂದರೇನೆಂಬುದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಉದಾಹರಣೆ ನಿಂತಿತು. ಶ್ರೀ ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಡೆದ ಸಂಸ್ಥೆ. ವರ್ಷದ ಹಣವನ್ನು ಮುಂಗಡವಾಗಿ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳು ಮನೆಗೆ ಬರುತ್ತಿದ್ದವು. ಗಿರೀಶ ಕಾರ್ನಾಡರ ‘ಯಯಾತಿ’, ಅನಂತಮೂರ್ತಿಯವರ ‘ಸಂಸ್ಕಾರ’ ಇವೆಲ್ಲ ಹಾಗೆ ಹೊರಟ ಪುಸ್ತಕಗಳೇ. ಆ ಚಂದಾ ಬೇಕಾಗಿದ್ದುದು ಪ್ರಕಾಶಕನಿಗೆ: ಕಾಗದ ಕೊಳ್ಳಲು, ಹೊಸ ಲೇಖಕನನ್ನು ನಂಬಿ ಅಚ್ಚಿಗೆ ಹಾಕಲು. ಓದುಗನಿಗೆ ಪುಸ್ತಕ ಸ್ವಂತವಾಗುತ್ತಿತ್ತು. ಇಂದಿಗೂ ಎಷ್ಟೋ ಮನೆಗಳ ಅಟ್ಟದ ಮೇಲೆ ಆ ಮಾಲೆಯ ಹಳೆಯ ಪ್ರತಿಗಳು ಸಿಕ್ಕಾವು. ಹಣ ಕಟ್ಟಿದವರು ಹೋಗಿದ್ದಾರೆ, ಪುಸ್ತಕ ಮನೆಯಲ್ಲಿಯೇ ಇದೆ.

ಈ ಎರಡು ಪದ್ಧತಿಗಳ ನಡುವೆ ಮೂರನೆಯದೊಂದು, ಬಾಡಿಗೆಯದು, ಗಣಕಯಂತ್ರದ ಜೊತೆಯಲ್ಲಿಯೇ ಹುಟ್ಟಿತು. ಇದು ಹೊಸ ಕಾಲದ ಕಂಪನಿಗಳ ಸಂಶೋಧನೆಯೆಂದು ತಿಳಿದವರು ಬಹಳ. ನಿಜವೆಂದರೆ 1890ರ ಅಮೆರಿಕದ ಜನಗಣತಿಗೆ ರಂಧ್ರಕಾರ್ಡಿನ ಎಣಿಕೆಯಂತ್ರ ಒದಗಿಸಿದ ಹರ್ಮನ್ ಹೊಲರಿತ್ ಆಗಲೇ ಯಂತ್ರವನ್ನು ಮಾರದೆ ಬಾಡಿಗೆಗೆ ಕೊಟ್ಟಿದ್ದ. ಅವನ ಉದ್ಯಮದಿಂದ ಬೆಳೆದ ಐಬಿಎಂ ಕಂಪನಿ ಅದೇ ಜಾಡು ಹಿಡಿಯಿತು. ಬಾಡಿಗೆಗೆ ಮಾತ್ರವಲ್ಲ, ಬೇಕಾದವರಿಗೆ ಮಾರಲೂ ಬೇಕು ಎಂದು ಅಮೆರಿಕದ ಸರ್ಕಾರ ಅದನ್ನು ಒಪ್ಪಿಸುವುದಕ್ಕೆ 1956ರ ವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಆ ಕಂಪನಿ 1950ರ ದಶಕದ ಆರಂಭದಲ್ಲಿಯೇ ಕಾಲಿಟ್ಟಿತ್ತು. ಹೊರದೇಶಗಳಲ್ಲಿ ಬಳಸಿ ಬಿಟ್ಟ 1401 ಎಂಬ ಮಾದರಿಯ ಯಂತ್ರಗಳನ್ನು ಇಲ್ಲಿ ಸಜ್ಜುಗೊಳಿಸಿ ಬಾಡಿಗೆಗೆ ಕೊಡುತ್ತಿತ್ತು. ಹಳೆಯ ಯಂತ್ರಕ್ಕೆ ನಾವು ಇಷ್ಟು ಬಾಡಿಗೆ ಏಕೆ ತೆರಬೇಕೆಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1970ರ ದಶಕದ ನಡುವಿನಲ್ಲಿ ಟೀಕೆ ಮಾಡಿತು. 1977ರಲ್ಲಿ ಜನತಾ ಸರ್ಕಾರ ಬಂದಾಗ ಕೈಗಾರಿಕಾ ಮಂತ್ರಿಯಾದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ವಿದೇಶಿ ಕಂಪನಿಗಳು ಭಾರತೀಯರಿಗೂ ಪಾಲು ಕೊಡಬೇಕೆಂಬ ವಿದೇಶಿ ವಿನಿಮಯ ಕಾನೂನಿನ ಶರತ್ತನ್ನು ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟು ಹೋಯಿತು. ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆ ಸರ್ಕಾರಿ ಸಂಸ್ಥೆಯಾದ ಸಿಎಂಸಿಯ ಪಾಲಿಗೆ ಬಂತು. ಒಂದು ಕಾಲದಲ್ಲಿ ಬಾಡಿಗೆಯ ಪ್ರಶ್ನೆ ಸಂಸತ್ತಿನ ವರೆಗೆ ಹೋಗಿತ್ತೆಂಬುದನ್ನು ಇಲ್ಲಿ ಸ್ಮರಿಸಿದ್ದೇನೆ, ಅಷ್ಟೆ. ಮುಂದೆ ಮೇಜಿನ ಮೇಲಿಡುವ ಸಣ್ಣ ಗಣಕಗಳು ಬಂದು, ಯಂತ್ರವನ್ನೂ ಅದರೊಳಗಿನ ತಂತ್ರಾಂಶವನ್ನೂ ಅಂಗಡಿಯಲ್ಲಿ ಕೊಳ್ಳುವುದೇ ರೂಢಿಯಾಯಿತು. ಬಾಡಿಗೆಯ ಮಾತು ಮರೆಯಿತು.

ಅಕ್ಷರಕ್ಕೆ ಹಿಂದಿರುಗೋಣ. 1985ರಲ್ಲಿ ಅಮೆರಿಕದ ಆಲ್ಡಸ್ ಎಂಬ ಕಂಪನಿ ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು ಹೊರತಂದಿತು. ಹಳೆಯ ವೆನಿಸ್ ನಗರದ ಪ್ರಸಿದ್ಧ ಮುದ್ರಕನೊಬ್ಬನ ಹೆಸರನ್ನು ಆ ಕಂಪನಿ ಇಟ್ಟುಕೊಂಡಿತ್ತು. ಅದರ ಜೊತೆಗೆ ಅಡೋಬಿ ಕಂಪನಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯೂ ಲೇಸರ್ ಮುದ್ರಣಯಂತ್ರವೂ ಕೂಡಿದಾಗ ಡಿಟಿಪಿ ಎಂಬ ವೃತ್ತಿಯೇ ಹುಟ್ಟಿತು. ಸದಾಶಿವ ಪೇಟೆಯ ಓಣಿಗಳಲ್ಲಿಯೂ ಹುಬ್ಬಳ್ಳಿಯ ಸಂದಿಗಳಲ್ಲಿಯೂ ಟ್ರೆಡಲ್ ಯಂತ್ರದ ಸದ್ದು ಕ್ರಮೇಣ ಅಡಗಿತು. ಮೊಳೆ ಜೋಡಿಸುವವರಲ್ಲಿ ಕೆಲವರು ಕೀಲಿಮಣೆ ಕಲಿತರು, ಹಲವರು ಕೆಲಸ ಬಿಟ್ಟರು.

ಆದರೆ ಪೇಜ್‌ಮೇಕರಿಗೆ ಕನ್ನಡ ಬರುತ್ತಿರಲಿಲ್ಲ. ಆ ಕೊರತೆ ತುಂಬಿದವರಲ್ಲಿ ಪುಣೆಯವರ ಪಾತ್ರ ದೊಡ್ಡದು. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿ 1988ರಲ್ಲಿ ಸ್ಥಾಪನೆಯಾದ ಸಿಡ್ಯಾಕ್ ಸಂಸ್ಥೆಯನ್ನು ನಾವೆಲ್ಲ 1991ರ ‘ಪರಮ್’ ಮಹಾಗಣಕದಿಂದ ಗುರುತಿಸುತ್ತೇವೆ. ಆದರೆ ಸಾಮಾನ್ಯ ಕಚೇರಿಗಳಿಗೆ ಅದು ತಲುಪಿಸಿದ್ದು ‘ಜಿಸ್ಟ್’ ಎಂಬ ಫಲಕವನ್ನು. ಕಾನಪುರದ ಐಐಟಿಯಲ್ಲಿ ಬೆಳೆದ ವಿದ್ಯೆ ಅದು. ಗಣಕದೊಳಗೆ ಆ ಫಲಕ ಸಿಕ್ಕಿಸಿದರೆ ತೆರೆಯ ಮೇಲೆ ಹಿಂದಿ, ಕನ್ನಡ, ತಮಿಳು ಯಾವುದು ಬೇಕಾದರೂ ಮೂಡುತ್ತಿತ್ತು. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಕೀಲಿಮಣೆ. ಭಾರತೀಯ ಭಾಷೆಗಳಿಗೆ ಒಂದು ಸಂಕೇತ ಪದ್ಧತಿಯನ್ನು ಮಾನಕ ಸಂಸ್ಥೆ 1991ರಲ್ಲಿ ಅಂಗೀಕರಿಸಿತು.

ಮುದ್ರಣದವರ ಕೈಗೆ ಹೆಚ್ಚಾಗಿ ಸಿಕ್ಕದ್ದು ಪುಣೆಯದೇ ಇನ್ನೊಂದು ಕಂಪನಿ, ಮಾಡ್ಯುಲರ್ ಇನ್ಫೋಟೆಕ್, ತಯಾರಿಸಿದ ಶ್ರೀಲಿಪಿ. ಬೆಂಗಳೂರಿನಿಂದ ಆಕೃತಿ, ಪ್ರಕಾಶಕ್ ಎಂಬವೂ ಬಂದವು. 1990ರ ದಶಕದಲ್ಲಿ ಕನ್ನಡದ ಪತ್ರಿಕೆ, ಪುಸ್ತಕ, ಕರಪತ್ರ, ಗೋಡೆಯ ಜಾಹೀರಾತುಗಳಲ್ಲಿ ಕಾಣುತ್ತಿದ್ದ ದುಂಡು ಅಕ್ಷರಗಳಲ್ಲಿ ಎಷ್ಟೋ ಪಾಲು ಮೂಲತಃ ಈ ಮುಠಾ ನದಿಯ ದಂಡೆಯಲ್ಲಿ ರೂಪುಗೊಂಡವೆಂಬ ಸಂಗತಿ ಕನ್ನಡ ನಾಡಿನಲ್ಲಿಯೇ ಬಹಳ ಜನಕ್ಕೆ ತಿಳಿದಿಲ್ಲ. ನಾವು ಪುಣೆಯವರು ಅದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಕೊಳ್ಳಬಹುದು.

ಈ ಅಕ್ಷರಗಳ ಜೊತೆ ಒಂದು ‘ಲಾಕ್’ ಬರುತ್ತಿತ್ತು. ಬೆರಳುದ್ದದ ಆ ಬೀಗವನ್ನು ಗಣಕದ ಹಿಂದೆ, ಮುದ್ರಣಯಂತ್ರದ ತಂತಿ ಸಿಕ್ಕಿಸುವ ಜಾಗದಲ್ಲಿ ಹಾಕದಿದ್ದರೆ ಅಕ್ಷರ ಮೂಡುತ್ತಿರಲಿಲ್ಲ. ನಕಲು ತಡೆಯಲು ಮಾಡಿದ ಉಪಾಯ. ಅದಕ್ಕೆ ಕಾರಣವೂ ಇತ್ತು. ಆ ದಿನಗಳಲ್ಲಿ ನಮ್ಮ ದೇಶದಲ್ಲಿ ಪೇಜ್‌ಮೇಕರನ್ನು ಹಣ ಕೊಟ್ಟು ಕೊಂಡ ಸಣ್ಣ ಡಿಟಿಪಿ ಅಂಗಡಿಗಳನ್ನು ಹುಡುಕಲು ದೀಪ ಹಿಡಿದು ಹೋಗಬೇಕಿತ್ತು. ಎಲ್ಲವೂ ಫ್ಲಾಪಿಯಿಂದ ಫ್ಲಾಪಿಗೆ, ಸಿಡಿಯಿಂದ ಸಿಡಿಗೆ ಹರಿದು ಬಂದದ್ದು. ಎಷ್ಟೋ ಅಂಗಡಿಗಳಲ್ಲಿ ನ್ಯಾಯವಾಗಿ ಬೆಲೆ ಕೊಟ್ಟು ಕೊಂಡದ್ದೆಂದರೆ ಬೀಗವಿದ್ದ ಕನ್ನಡ ಅಕ್ಷರ ಒಂದೇ. ತಂತ್ರಾಂಶ ಕಂಪನಿಗಳನ್ನು ದೂರುವಾಗ ಈ ಮಾತನ್ನೂ ಮುಚ್ಚಿಡಬಾರದು.

ಬೀಗದಿಂದ ತೊಂದರೆ ಇರಲಿಲ್ಲವೆಂದಲ್ಲ. ಅದು ಕೆಟ್ಟರೆ ಕೆಲಸ ನಿಂತಿತು. ಆದರೂ ಸ್ವಭಾವದಲ್ಲಿ ಅದು ಸೀಸದ ಮೊಳೆಯ ಮೊಮ್ಮಗನೇ. ಒಮ್ಮೆ ಬೆಲೆ ಕೊಟ್ಟರೆ ಬೀಗ ನಿಮ್ಮ ಕೈಯಲ್ಲಿ. ಐದು ವರ್ಷ ಬಳಸಿ, ಹತ್ತು ವರ್ಷ ಬಳಸಿ, ಹಳೆಯ ಗಣಕ ಇರುವಷ್ಟು ದಿನ ಅಕ್ಷರವೂ ಇರುತ್ತಿತ್ತು. ಬೀಗದ ಕೈ ಬೇರೆ ದೇಶದಲ್ಲಿ ಇರುವ ಕಾಲ ಇನ್ನೂ ಬಂದಿರಲಿಲ್ಲ.

ಇದೇ ಹೊತ್ತಿಗೆ ಕೆಲವರು ಅಕ್ಷರವನ್ನು ಬೆಲೆಯಿಲ್ಲದೆ ಕೊಡಲಾರಂಭಿಸಿದ್ದರು. ಕಿನ್ನಿಕಂಬಳದ ಶ್ರೀ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಯಂತೆ ಕನ್ನಡ ಬರೆಯುವ ವಿನ್ಯಾಸ ರೂಪಿಸಿ, ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಆ ವಿನ್ಯಾಸಕ್ಕೆ ಅವರು ಯಾರಿಂದಲೂ ಕಾಸು ಕೇಳಲಿಲ್ಲ. ಕರ್ನಾಟಕ ಸರ್ಕಾರ ಮುಂದೆ ಅದನ್ನೇ ಅಂಗೀಕರಿಸಿತು. ಶ್ರೀ ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಹೊರನಾಡಿನ, ಹೊರದೇಶದ ಕನ್ನಡಿಗರಲ್ಲಿ ಸಾವಿರಾರು ಮಂದಿ ಗಣಕದ ಮೇಲೆ ಮೊದಲ ಕನ್ನಡ ಅಕ್ಷರ ಮೂಡಿಸಿದ್ದು ಅದರಿಂದಲೇ. ಬಹಳ ವರ್ಷ ಅದು ಉಚಿತವಾಗಿತ್ತು, ಆಮೇಲೆ ಬೆಲೆ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರ್ಕಾರವೇ ಉಚಿತವಾಗಿ ಹಂಚಿತು. ಅತ್ತ 1991ರಲ್ಲಿಯೇ ಯುನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಅಕ್ಷರ ಬಂತು. ಇಂದು ಕೈಫೋನಿನಲ್ಲಿ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಸಂದೇಶ ಕಳಿಸುವ ಅಜ್ಜಿ ಅಕ್ಷರಕ್ಕೆಂದು ಬೇರೆ ಹಣ ಕೊಡುವುದಿಲ್ಲ. ಹೀಗೆ ಅಕ್ಷರ ಅಗ್ಗವಾಗುತ್ತ ಬಂತು. ತುಟ್ಟಿಯಾದದ್ದು ಅಕ್ಷರವನ್ನು ಪುಟದಲ್ಲಿ ಕೂಡಿಸುವ ಚೌಕಟ್ಟು.

ಆ ಸಂಗತಿಗೆ ಬರುವ ಮೊದಲು, ವರ್ಷ ವರ್ಷ ಹಣ ಕಟ್ಟುವುದು ನ್ಯಾಯವಾಗಿದ್ದ ಎರಡು ಉದ್ಯಮಗಳ ಮಾತು. ಮೊದಲನೆಯದು ಪುಣೆಯದು. ಕೈಲಾಸ ಕಾಟಕರ ಎಂಬವರು ಇಲ್ಲಿ ಕ್ಯಾಲ್ಕ್ಯುಲೇಟರ್ ದುರಸ್ತಿ ಮಾಡಿಕೊಂಡಿದ್ದು, ಗಣಕಗಳ ದುರಸ್ತಿಗೆ ಕೈ ಹಾಕಿ, ತಮ್ಮನಾದ ಸಂಜಯರೊಡನೆ ಗಣಕದ ವೈರಸ್ಸಿಗೆ ಮದ್ದು ತಯಾರಿಸಿದರು. ಅದೇ ಕ್ವಿಕ್ ಹೀಲ್. 2007ರಲ್ಲಿ ಕಂಪನಿಯೂ ಅದೇ ಹೆಸರು ತಳೆಯಿತು. ಆ ಡಬ್ಬಿಯ ಮೇಲೆ ‘ಒಂದು ವರ್ಷ’, ‘ಮೂರು ವರ್ಷ’ ಎಂದು ಬರೆದಿರುತ್ತಿತ್ತು. ನಮ್ಮಲ್ಲಿ ಎಷ್ಟೋ ಮನೆಗಳು ತಂತ್ರಾಂಶಕ್ಕೆ ವರ್ಷ ವರ್ಷ ದುಡ್ಡು ಕೊಡುವುದನ್ನು ಕಲಿತದ್ದು ಇಂಥ ಡಬ್ಬಿಗಳಿಂದ. ಅದರಲ್ಲಿ ಮೋಸವೇನೂ ಇಲ್ಲ. ಕಳ್ಳರು ದಿನಾಲು ಹೊಸ ವೈರಸ್ ಬಿಡುವಾಗ ಕಾವಲುಗಾರನಿಗೂ ದಿನಾಲು ಕೆಲಸವಿದೆ. ಗೂರ್ಖಾನಿಗೆ ತಿಂಗಳ ಹಣ ಕೊಟ್ಟಂತೆ.

ಎರಡನೆಯದು ಬೆಂಗಳೂರಿನ ಟ್ಯಾಲಿ. ಶ್ಯಾಮಸುಂದರ ಗೋಯಂಕಾ ಮತ್ತು ಅವರ ಮಗ ಭರತ ಗೋಯಂಕಾ 1986ರಲ್ಲಿ ಆರಂಭಿಸಿದ ಈ ಉದ್ಯಮ ದೇಶದ ಕಿರಾಣಿ ಅಂಗಡಿಯ ಖಾತೆಕಿರ್ದಿಯನ್ನು ಗಣಕಕ್ಕೆ ಏರಿಸಿತು. ಅವರು ತಂತ್ರಾಂಶದ ಪರವಾನಗಿಯನ್ನು ಶಾಶ್ವತವಾಗಿ ಮಾರಿ, ಸುಧಾರಣೆಗಳು ಬೇಕಾದವರಿಂದ ವರ್ಷಕ್ಕೊಮ್ಮೆ ಬೇರೆ ಶುಲ್ಕ ಪಡೆಯುವ ಪದ್ಧತಿ ಇಟ್ಟುಕೊಂಡರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹೊಸ ನಿಯಮಗಳಿಗಾಗಿ ಅಂಗಡಿಯವರು ಆ ಶುಲ್ಕ ಕಟ್ಟಿದರು. ಕಟ್ಟದಿದ್ದವನ ಹಳೆಯ ಲೆಕ್ಕಪುಸ್ತಕ ಮಾತ್ರ ತೆರೆಯುತ್ತಲೇ ಇತ್ತು. ನನ್ನ ಮಟ್ಟಿಗೆ ಇದೇ ಸರಿಯಾದ ಗೆರೆ: ಹೊಸ ಕೆಲಸಕ್ಕೆ ಹೊಸ ಹಣ, ಹಳೆಯದು ಕೊಂಡವನದು.

ಅಡೋಬಿಯವರು ಈ ಗೆರೆಯನ್ನು ದಾಟಿದರು. 1994ರಲ್ಲಿ ಅವರು ಆಲ್ಡಸ್ ಕಂಪನಿಯನ್ನು ಕೊಂಡಿದ್ದರು. ಪೇಜ್‌ಮೇಕರಿನ ಕೊನೆಯ ಆವೃತ್ತಿ 2001ರಲ್ಲಿ ಬಂದು ನಿಂತಿತು, ಅದರ ಜಾಗಕ್ಕೆ ಇನ್‌ಡಿಸೈನ್ ಬಂತು. ಅದರಲ್ಲಿಯೂ ಯುನಿಕೋಡ್ ಕನ್ನಡ ಬಹಳ ವರ್ಷ ಸರಿಯಾಗಿ ಕೂಡುತ್ತಿರಲಿಲ್ಲ; ಒತ್ತಕ್ಷರಗಳು ಎಲ್ಲೆಂದರಲ್ಲಿ ಹೋಗಿ ನಿಲ್ಲುತ್ತಿದ್ದವು. ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ಅದರಲ್ಲಿ ವ್ಯವಸ್ಥೆಯಾದದ್ದು 2012ರ ಸಿಎಸ್6 ಎಂಬ ಆವೃತ್ತಿಯಲ್ಲಿ. 2013ರ ಮೇ ತಿಂಗಳಲ್ಲಿ ಕಂಪನಿ ಘೋಷಿಸಿತು: ಕೊಂಡುಕೊಳ್ಳುವ ಹೊಸ ಆವೃತ್ತಿ ಇನ್ನು ಮುಂದೆ ಇರುವುದಿಲ್ಲ, ಎಲ್ಲವೂ ತಿಂಗಳ ಚಂದಾದ ಮೇಲೆ. ಕನ್ನಡಕ್ಕೆ ಬಾಗಿಲು ತೆರೆದ ಮರುವರ್ಷವೇ ಮಾರಾಟದ ಬಾಗಿಲು ಮುಚ್ಚತೊಡಗಿತು! ಆಗ ಕಂಪನಿಯ ಮುಖ್ಯಸ್ಥರಾಗಿದ್ದವರು ಹೈದರಾಬಾದಿನಲ್ಲಿ ಹುಟ್ಟಿದ ಶಂತನು ನಾರಾಯಣ್. ಸಾವಿರಾರು ಚಿತ್ರಕಾರರೂ ಮುದ್ರಕರೂ ಸಹಿ ಮಾಡಿ ಬೇಡವೆಂದರು. ಕಂಪನಿ ಜಗ್ಗಲಿಲ್ಲ.

ಕಂಪನಿಯ ಪರವಾಗಿಯೂ ಹೇಳುವುದಿದೆ. ಡಬ್ಬಿಯ ಬೆಲೆ ಒಮ್ಮೆಲೇ ಕೊಡುವುದು ಸಣ್ಣವನಿಗೆ ಅಸಾಧ್ಯವಾಗಿತ್ತು. ಎರಡು ತಿಂಗಳ ಕೆಲಸಕ್ಕೆ ಎರಡು ತಿಂಗಳ ಬಾಡಿಗೆ ಕೊಟ್ಟರೆ ಸಾಕೆಂಬುದು ಅನುಕೂಲವೇ. ಸುಧಾರಣೆ ಸಿದ್ಧವಾದೊಡನೆ ಬಂದು ಸೇರುತ್ತದೆ. ಆದರೆ ವರ್ಷವಿಡೀ ಪತ್ರಿಕೆ ತರುವವರಿಗೆ ಈ ಅನುಕೂಲ ಕೆಲವು ವರ್ಷಗಳಲ್ಲಿ ಕರಗುತ್ತದೆ. ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ, ಮೊದಲು ತಂತ್ರಾಂಶದ ಡಬ್ಬಿ ಕುರ್ಚಿ, ಮೇಜು, ಕಪಾಟುಗಳ ಜೊತೆಗೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಏರುತ್ತಿತ್ತು. ಈಗ ನೀರು, ದೀಪದ ಬಿಲ್ಲಿನ ಜೊತೆ ಚಿಲ್ಲರೆ ಖರ್ಚಿನಲ್ಲಿ ಹೋಗುತ್ತದೆ. ಕಪಾಟನ್ನು ಎಣಿಸಬಹುದು, ಹರಾಜು ಹಾಕಬಹುದು. ದೀಪದ ಬಿಲ್ಲನ್ನು ಯಾರು ಹರಾಜು ಹಾಕಿಯಾರು? ಕಾನೂನಿನಲ್ಲಿಯೂ ಈ ವ್ಯತ್ಯಾಸ ಬಂದು ಹೋಗಿದೆ. ಟಾಟಾ ಕನ್ಸಲ್ಟನ್ಸಿ ಮತ್ತು ಆಂಧ್ರ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ 2004ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಂಗಡಿಯಲ್ಲಿ ಮಾರುವ ಸಿದ್ಧ ತಂತ್ರಾಂಶವು ‘ಸರಕು’ ಎಂದೇ ತೀರ್ಪಿತ್ತು, ಮಾರಾಟ ತೆರಿಗೆ ಹಾಕಬಹುದೆಂದಿತು. ಆ ಸರಕು ಈಗ ‘ಸೇವೆ’ಯಾಗಿದೆ.

ಹಣಕ್ಕಿಂತ ಮುಖ್ಯವಾದದ್ದು ಹಳೆಯ ಕಡತಗಳ ಗತಿ. ಸಿಎಸ್6ರ ವರೆಗಿನ ಇನ್‌ಡಿಸೈನಿನಲ್ಲಿ ಹಳೆಯ ಪೇಜ್‌ಮೇಕರ್ ಕಡತಗಳು ತೆರೆಯುತ್ತಿದ್ದವು. ಬಾಡಿಗೆಯ ಆವೃತ್ತಿಗಳಲ್ಲಿ ಆ ಸೌಲಭ್ಯ ತೆಗೆದುಹಾಕಿದರು. 2023ರ ಜನವರಿಯಿಂದ, ಅಡೋಬಿಯವರೇ ಹುಟ್ಟುಹಾಕಿದ ಟೈಪ್-1 ಎಂಬ ಬಗೆಯ ಅಕ್ಷರಗಳಿಗೂ ಅವರ ತಂತ್ರಾಂಶಗಳಲ್ಲಿ ಆಸರೆ ತಪ್ಪಿತು. ಅಂಥ ಅಕ್ಷರಗಳನ್ನು ಒಂದು ಕಾಲದಲ್ಲಿ ಬೆಲೆ ಕೊಟ್ಟು ಕೊಂಡ ಮುದ್ರಕನಿಗೆ ಅವು ಈಗ ಆ ಚೌಕಟ್ಟಿನೊಳಗೆ ಬರುವುದಿಲ್ಲ. ಸೀಸದ ಮೊಳೆಗಾದರೆ ತೂಕದ ಬೆಲೆಯಾದರೂ ಇತ್ತು. ಹಳೆಯ ಡಬ್ಬಿ ಇಟ್ಟುಕೊಂಡು ಹಾಗೆಯೇ ನಡೆಸುತ್ತೇವೆ ಎನ್ನುವವರಿಗೂ ನೆಮ್ಮದಿಯಿಲ್ಲ. ಹೊಸ ಗಣಕಕ್ಕೆ ಹಾಕುವಾಗ ಕಂಪನಿಯ ಗಣಕವೇ ಒಪ್ಪಿಗೆ ಕೊಡಬೇಕು. ಆ ಬಾಗಿಲು ಮುಚ್ಚಿದರೆ ಕೊಂಡದ್ದೂ ಕಗ್ಗಂಟು. 2005ರಲ್ಲಿ ಬಂದ ಸಿಎಸ್2 ಆವೃತ್ತಿಗೆ 2013ರ ಸುಮಾರಿನಲ್ಲಿ ಹಾಗೆಯೇ ಆಯಿತು. ಆಗ ಕಂಪನಿಯವರು ಒಪ್ಪಿಗೆ ಬೇಡದ ಬೇರೆ ಸಂಖ್ಯೆ ಕೊಟ್ಟು ಸರಿಪಡಿಸಿದರೆಂಬುದೂ ನಿಜ. ಕೊಟ್ಟದ್ದು ಅವರ ಸೌಜನ್ಯ.

ಈ ರೂಢಿ ಒಮ್ಮೆ ಬೇರೂರಿದ ಮೇಲೆ ತಂತ್ರಾಂಶದಲ್ಲಿಯೇ ನಿಲ್ಲಲಿಲ್ಲ. ಎಚ್‌ಪಿಯವರ ಶಾಯಿಯ ಚಂದಾ ಯೋಜನೆಯಲ್ಲಿ, ಚಂದಾ ನಿಲ್ಲಿಸಿದರೆ ಡಬ್ಬಿಯಲ್ಲಿ ಶಾಯಿ ಉಳಿದಿದ್ದರೂ ಮುದ್ರಣಯಂತ್ರ ಅದನ್ನು ಮುಟ್ಟುವುದಿಲ್ಲ. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2022ರಲ್ಲಿ ಕೆಲವು ದೇಶಗಳಲ್ಲಿ ಕಾರಿನ ಆಸನ ಬೆಚ್ಚಗಾಗುವುದಕ್ಕೂ ತಿಂಗಳ ಶುಲ್ಕವಿಟ್ಟಿತ್ತು. ಬಿಸಿಮಾಡುವ ತಂತಿ ಆಸನದೊಳಗೆ ಮೊದಲೇ ಇತ್ತು! ಜನ ನಕ್ಕರು, ಬೈದರು. 2023ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಹಿಂದೆ ರೇಡಿಯೋಕ್ಕೆ ಅಂಚೆ ಕಚೇರಿಯಲ್ಲಿ ವರ್ಷದ ಲೈಸೆನ್ಸ್ ಹಣ ಕಟ್ಟುತ್ತಿದ್ದುದನ್ನು ಹಿರಿಯ ವಾಚಕರು ಇಲ್ಲಿ ನೆನೆಯಬಹುದು. ಆದರೆ ಆ ಹಣ ಆಕಾಶವಾಣಿಯ ಕಾರ್ಯಕ್ರಮದ ಲೆಕ್ಕದ್ದು. ರೇಡಿಯೋ ಪೆಟ್ಟಿಗೆಯನ್ನು ಮಾರಿದ ಕಂಪನಿ ಮತ್ತೆ ಬಂದು ಏನನ್ನೂ ಕೇಳಿದ್ದಿಲ್ಲ.

ಸರ್ಕಾರಗಳು ತಡವಾಗಿಯಾದರೂ ಎಚ್ಚತ್ತಿವೆ. ನಮ್ಮ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕೆಂಬ ನಿಯಮವನ್ನು ಕಟ್ಟುನಿಟ್ಟು ಮಾಡಿತು. ದೊಡ್ಡ ಮೊತ್ತಕ್ಕೆ ಮತ್ತೆ ಒಪ್ಪಿಗೆಯನ್ನೂ ಪಡೆಯಬೇಕು; ಆ ಮಿತಿ ಮೊದಲು ರೂ. 5,000 ಇದ್ದದ್ದು 2022ರಲ್ಲಿ ರೂ. 15,000ಕ್ಕೆ ಏರಿತು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತರ್ಜಾಲದ ವ್ಯಾಪಾರದಲ್ಲಿ ನಿಷಿದ್ಧವಾದ ವಂಚನೆಗಳನ್ನು ಹೆಸರಿಸಿದಾಗ ‘ಚಂದಾ ಬಲೆ’ಯೂ ಅದರಲ್ಲಿತ್ತು, ಅಂದರೆ ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಮಾಡುವುದು. ಅಮೆರಿಕದ ಸರ್ಕಾರ 2024ರ ಜೂನ್‌ನಲ್ಲಿ, ಚಂದಾ ಬಿಡುವಾಗ ತೆರಬೇಕಾದ ದಂಡದ ಮೊತ್ತವನ್ನು ಮರೆಮಾಡಿದೆಯೆಂದು ಅಡೋಬಿಯ ಮೇಲೆಯೇ ಮೊಕದ್ದಮೆ ಹೂಡಿತು.

ಬಾಡಿಗೆಯ ಗೊಡವೆ ಬೇಡವೆನ್ನುವ ಸಣ್ಣ ಪತ್ರಿಕೆಗಳಿಗೆ ದಾರಿ ಇಲ್ಲದಿಲ್ಲ. ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳು ಕೂಡುವಂತಾಗಿ, ಆ ಸುಧಾರಣೆಯೊಡನೆ ಅದರ ಸ್ಥಿರ ಆವೃತ್ತಿ 2024ರ ಆರಂಭದಲ್ಲಿ ಬಂತು. ಲಿಬ್ರೆ ಆಫೀಸಿನಲ್ಲಿ ಕನ್ನಡ ಬರೆಯಬಹುದು. ಶ್ರೀ ಅರವಿಂದ ಅವರು ರೂಪಿಸಿದ ನವಿಲು, ಗುಬ್ಬಿ ಮುಂತಾದ ಮುಕ್ತ ಅಕ್ಷರಗಳಿವೆ. ಅವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಅಡೋಬಿಯ ಇನ್‌ಡಿಸೈನಿಗೆ ಒಗ್ಗಿದ ಕೈಗೆ ಇವು ಮೊದಮೊದಲು ಒರಟಾಗಿ ಕಾಣುತ್ತವೆ ಎಂಬುದನ್ನು ಮರೆಮಾಚುವುದಿಲ್ಲ. ಇನ್ನೊಂದು ಮಾತು: ಅಚ್ಚಿಗೆ ಸಿದ್ಧವಾದ ಪುಟವನ್ನು ಎಲ್ಲ ಗಣಕಗಳಲ್ಲಿಯೂ ಒಂದೇ ತೆರನಾಗಿ ತೋರಿಸುವ ಪಿಡಿಎಫ್ ಎಂಬ ಪದ್ಧತಿಯನ್ನು 1993ರಲ್ಲಿ ತಂದವರೂ ಅಡೋಬಿಯವರೇ. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಆ ಕಂಪನಿ ನಾಳೆ ಇರಲಿ, ಬಿಡಲಿ, ಪಿಡಿಎಫ್ ಕಡತವನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಹೊರನಾಡಿನ ಕನ್ನಡ ಸಂಘಗಳ ಪತ್ರಿಕೆಗಳು, ಸ್ಮರಣ ಸಂಚಿಕೆಗಳು, ಸದಸ್ಯರ ಯಾದಿಗಳು 1990ರಿಂದ ಸುಮಾರು 2010ರ ವರೆಗೆ ಪೇಜ್‌ಮೇಕರಿನಲ್ಲಿ, ಬೀಗವಿದ್ದ ಅಕ್ಷರಗಳಲ್ಲಿ ಸಿದ್ಧವಾದವು. ಇಂದು ಅಂಥ ಕಡತದ ಬರಹವನ್ನು ಹೊರತೆಗೆದರೆ, ಕನ್ನಡವಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಚುಕ್ಕೆ ಟೊಪ್ಪಿಗೆ ಹೊತ್ತ ವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ನುಡಿ ಮುಂತಾದ ಕೆಲವು ಬಗೆಗಳನ್ನು ಯುನಿಕೋಡಿಗೆ ತರುವ ಉಚಿತ ಪರಿವರ್ತಕಗಳಿವೆ, ಎಲ್ಲಕ್ಕೂ ಇಲ್ಲ. ಆದುದರಿಂದ ಯಾರ ಮನೆಯಲ್ಲಾದರೂ ಅಂಥ ಹಳೆಯ ಸಂಚಿಕೆಗಳ ಫ್ಲಾಪಿ, ಸಿಡಿಗಳಿದ್ದರೆ ಎಸೆಯದೆ ಸಂಘದವರಿಗೆ ತಿಳಿಸಿ. ಅದಕ್ಕಿಂತ ಹೆಚ್ಚಾಗಿ, ಕಾಗದದ ಪ್ರತಿಗಳಿದ್ದರೆ ತೋರಿಸಿ. ಹಾಳೆಗೆ ಒಂದು ನಿಮಿಷದಂತೆ ಸ್ಕ್ಯಾನ್ ಮಾಡಿದರೂ ನೂರು ಪುಟದ ಸಂಚಿಕೆ ಒಂದು ಭಾನುವಾರದ ಮುಂಜಾನೆಗೆ ಮುಗಿಯುವ ಕೆಲಸ. ಗೆದ್ದಲು ತಿಂದ ಅಂಚು, ಚಹಾದ ಕಲೆ ಇದ್ದರೂ ನಡೆದೀತು.